ಸಾತಗೊಂಡ ಸರ್ ಕಲಿಸಿದ ನಡಿಗೆ

ಗಡಹಿಂಗ್ಲಜದ ನಮ್ಮ ಕಾಲೇಜಿನಲ್ಲಿ ಹೊಸ ಪ್ರಾಧ್ಯಾಪಕರಿಗೆ ಪರೀಕ್ಷೆಯ ಮೇಲ್ವಿಚಾರಣೆ ಕಲಿಸುವವರು ಸಾತಗೊಂಡ ಸರ್. ಅವರ ತರಬೇತಿ ಶುರುವಾಗುವುದೇ ಕಾಲಿನಿಂದ. ಬೂಟು ಹಾಕಿ ಬಂದವರನ್ನು ಪೇಟೆಗೆ ಅಟ್ಟಿ, ಕರಕರ ಎನ್ನುವ ಕೊಲ್ಹಾಪುರಿ ಚಪ್ಪಲಿ ತರಿಸುತ್ತಾರೆ. ವರಾಂಡದಲ್ಲಿ ಅತ್ತಿಂದಿತ್ತ ನಡೆಸಿ, ಕಣ್ಣು ಮುಚ್ಚಿ ಆಲಿಸುತ್ತಾರೆ; ಸಪ್ಪಳ ಸಾಲದಿದ್ದರೆ ಹುಬ್ಬು ಗಂಟಿಕ್ಕುತ್ತಾರೆ. ಬಾಗಿಲಲ್ಲಿ ಒಮ್ಮೆ ಕೆಮ್ಮುವುದೂ ಕಡ್ಡಾಯ. “ಹಿಂಗಾದ್ರ ಹುಡುಗರು ಎಚ್ಚರಾಗ್ತಾರಲ್ರಿ, ಕಾಪಿ ಚೀಟಿ ಹ್ಯಾಂಗ ಹಿಡಿಯೂದು?” ಎಂದು ನನ್ನ ತರಬೇತಿಯ ದಿನ ಕೇಳಿದೆ. “ಹಿಡಿಯಾಕಲ್ರಿ, ಅವರಾಗೇ ಚೀಟಿ ಹೊರಗ ಒಗೀಲಿ ಅಂತ ನಾವು ತಿರಗೂದು,” ಎಂದರು. ಆಮೇಲೆ ತಮ್ಮ ಚಪ್ಪಲಿ ನೋಡುತ್ತ, “ಒಮ್ಮೆ ಕ್ಯಾನ್ವಾಸ್ ಬೂಟ ಹಾಕ್ಕೊಂಡು ಹಿಂದಿನಿಂದ ಹೋಗಿ ಒಬ್ಬನ್ನ ಹಿಡದಿದ್ದೆ. ಅವನ ಕಾಲೇಜು ಅಲ್ಲಿಗೇ ಮುಗೀತು. ಈಗ ಇಚಲಕರಂಜ್ಯಾಗ ಮಗ್ಗ ನಡಸ್ತಾನ. ನನ್ನ ಕಂಡ್ರ ಇನ್ನೂ ಎದ್ದು ನಿಂದರತಾನ್ರಿ,” ಎಂದರು.