ಗುಡ್ಡೆ ಎಲ್ಲಿಗೂ ಓಡಿಹೋಗುದಿಲ್ಲ

ಕೊಲ್ಲಿ ನಾಡಿನ ಊದ್ ಮೇಥಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎದುರು ಫ್ಲ್ಯಾಟಿನ ನರ್ಸಮ್ಮನಿಗೆ ರಜೆ ಸಿಕ್ಕಿತೆಂದರೆ ಆ ವಾರ ನಮಗ್ಯಾರಿಗೂ ಮಾಲ್ ಸುತ್ತಾಟ ಇಲ್ಲ ಎಂದೇ ಅರ್ಥ. ಫುಜೈರಾ ಕಡಲಿನ ಹಿಂಬದಿಯ ಬೆಟ್ಟಗಳಿಗೆ, ವಾದಿ ಎಂದು ಇಲ್ಲಿಯವರು ಕರೆಯುವ ಒಣ ಕಣಿವೆಗಳಿಗೆ, ಅಕ್ಕಪಕ್ಕದ ಮನೆಯವರನ್ನೆಲ್ಲ ಎಬ್ಬಿಸಿ ಹೊರಡಿಸುತ್ತಿದ್ದರು. ಖರ್ಜೂರದ ತೋಟದಲ್ಲಿ ನೀರಿನ ಕಾಲುವೆ ಕಂಡರೆ ಸಾಕು, ಚಪ್ಪಲಿ ಕಳಚಿ ಇಳಿದು, ಒದ್ದೆ ಕೈಯನ್ನು ಕತ್ತಿನ ಹಿಂದೆ ಒತ್ತಿಕೊಂಡು ಕಣ್ಣು ಮುಚ್ಚುವರು. ನಾವು ಅವಸರ ಮಾಡಿದರೆ ಒಂದೇ ಮಾತು: "ಗುಡ್ಡೆ ಎಲ್ಲಿಗೂ ಓಡಿಹೋಗುದಿಲ್ಲ ಮಾರಾಯ್ರೆ."

ಒಮ್ಮೆ ಕಣಿವೆಯೊಳಗೆ ಚಾಪೆ ಹಾಸಿ ಬಿರಿಯಾನಿ ಪಾತ್ರೆಯ ಮುಚ್ಚಳ ತೆಗೆದಿದ್ದೆವಷ್ಟೆ. ನಮ್ಮ ತಲೆಯ ಮೇಲೆ ಸುಡುಬಿಸಿಲು. ದೂರದ ಶಿಖರದಲ್ಲಿ ಮಾತ್ರ ಕಪ್ಪು ಮೋಡ. ಅದನ್ನು ನೋಡಿ ಅವರು ಮುಚ್ಚಳ ಮುಚ್ಚಿಬಿಟ್ಟರು.

"ಅಲ್ಲಿ ಮಳೆ ಬಂದ್ರೆ ನೀರು ಇಲ್ಲಿಗೇ ಬರುದು. ಯಲ್ಲಾ, ಏಳಿ."

"ಇಷ್ಟು ದೂರ ಬಂದು?" ಎಂದು ನಾನು ರೇಗಿದೆ.

"ಗುಡ್ಡೆ ಎಲ್ಲಿಗೂ ಓಡಿಹೋಗುದಿಲ್ಲ," ಎನ್ನುತ್ತಾ ಅವರು ಚಾಪೆ ಮಡಚಿದರು.

ಬಿರಿಯಾನಿಯನ್ನು ಹೆದ್ದಾರಿಯ ಪೆಟ್ರೋಲ್ ಪಂಪಿನ ಬಳಿ, ಲಾರಿಗಳ ಹೊಗೆಯಲ್ಲಿ ತಿಂದೆವು. ಎಲ್ಲರೂ ಅವರಿಗೆ ಬೆನ್ನು ಹಾಕಿ ಕುಳಿತೆವು. ಅವರು ಮಾತ್ರ ಅನ್ನದಡಿಯ ಮೊಟ್ಟೆಗಳನ್ನು ಹುಡುಕಿ ಹುಡುಕಿ ಎಲ್ಲರಿಗೂ ಬಡಿಸಿದರು. ನಾವು ನೋಡುತ್ತಿದ್ದಂತೆಯೇ ಶಿಖರದ ಮೋಡ ಚದುರಿಹೋಯಿತು. ಒಂದು ಹನಿಯೂ ಬೀಳಲಿಲ್ಲ.

ನನ್ನ ಮಗಳು ಬಿಡಲಿಲ್ಲ. "ಆಂಟಿ, ಸೀ, ನಥಿಂಗ್ ಹ್ಯಾಪನ್ಡ್!"

"ಹೌದು ಮಗಾ, ಏನೂ ಆಗ್ಲಿಲ್ಲ ಅಲ್ವಾ?"

ವಾರವಿಡೀ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ದುಡಿದು ಬಂದಿದ್ದ ಆ ಹೆಂಗಸು, ಅದೊಂದೇ ಸುದ್ದಿಗಾಗಿ ಕಾದಿದ್ದವರಂತೆ ನಕ್ಕರು.