ಗೋಲಿಯ ಹೊಕ್ಕುಳು ಬಲ್ಲ ಪಾಪಯ್ಯ

ಬೆಳಿಗ್ಗೆ ಐದೂವರೆಗೆ ಪೀಣ್ಯ ಎರಡನೇ ಹಂತದ ಗಾಜಿನ ಗುಜರಿಯಲ್ಲಿ ಮೊದಲ ಮೂಟೆ ಬಿಚ್ಚಿಕೊಳ್ಳುತ್ತದೆ. ಅರವತ್ತೆರಡರ ಪಾಪಯ್ಯ ಎಡಗೈಗೆ ದಪ್ಪ ಕೈಗವಸು ಹಾಕಿ, ಬಲಗೈಯನ್ನು ಬರಿದಾಗಿಯೇ ಬಿಟ್ಟು ರಾಶಿಯ ಮುಂದೆ ಕೂರುತ್ತಾರೆ. ಬಿಳಿ ಗಾಜು ಒಂದು ಕಡೆ, ಕಂದು ಒಂದು ಕಡೆ, ಹಸಿರು ಇನ್ನೊಂದು ಕಡೆ. ನಡುವೆ ಗೋಲಿಯೊಂದು ಉರುಳಿ ಬಂತೋ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಟವೆಲ್ಲಿನ ತುದಿಯಲ್ಲಿ ಒರೆಸಿ, ಹೆಬ್ಬೆರಳಿನಡಿ ಇಟ್ಟು ಮೆಲ್ಲಗೆ ತಿರುಗಿಸುತ್ತಾರೆ.

"ಹಳೇ ಗೋಲಿ ಕೈನಲ್ಲಿ ಮಾಡಿದ್ದು ಸಾರ್. ಕಾದ ಗಾಜಿನ ಕಡ್ಡಿಯಿಂದ ಕತ್ತರಿಸಿದ ಜಾಗದಲ್ಲಿ ಒಂದು ಗುರ್ತು ಉಳ್ಕಂತದೆ. ನಾನದಕ್ಕೆ ಒಕ್ಕುಳು ಅಂತೀನಿ. ಮಿಷನ್ ಗೋಲಿಗೆ ಒಕ್ಕುಳು ಇರಾಕಿಲ್ಲ" ಎನ್ನುತ್ತಾರೆ. ಕೈಗವಸು ಹಾಕದ ಬಲಗೈ ತುಂಬ ಗಾಜು ಕೊಯ್ದ ಗೆರೆಗಳಿವೆ. ಅದರ ಬಗ್ಗೆ ಕೇಳಿದರೆ ನಗುತ್ತಾರೆ, ಅಷ್ಟೇ.

ದಿನಕ್ಕೆ ಹದಿನೈದು ಮೂಟೆ. ವಾರಕ್ಕೆ ಮೂವತ್ತು ಗೋಲಿ ಸಿಕ್ಕರೆ ಇಪ್ಪತ್ತೈದು ಮಿಷನ್ನಿನವು, ಉಳಿದವು ಹಳೆಯ ಸೋಡಾ ಬಾಟಲಿಗಳ ನೀಲಿ-ಹಸಿರು ಗೋಲಿಗಳು. ನೂರು ವರ್ಷ ದಾಟಿದ, ಹಡಗಿನಲ್ಲಿ ಬಂದ, ಒಳಗೆ ಬಣ್ಣದ ಸುರುಳಿ ಇರುವ ಗೋಲಿ ವರ್ಷಕ್ಕೆ ಎರಡು ಸಿಕ್ಕರೆ ಅದೃಷ್ಟ. ದಂಡು ಪ್ರದೇಶದ ಹಳೆಯ ಬಂಗಲೆ ಕೆಡವಿದಾಗ ಬರುವ ಮೂಟೆಗಳಿಗೆ ಪಾಪಯ್ಯ ಚಾತಕಪಕ್ಷಿಯಂತೆ ಕಾಯುತ್ತಾರೆ.

ಅವರದು ಪೀಣ್ಯದಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದಿಂದಲೂ ಅಲ್ಲೇ ಇದ್ದ ಮನೆತನ. ಈಗ ಹೆಂಡತಿ ಈಶ್ವರಮ್ಮನ ಜೊತೆ ರಾಜಗೋಪಾಲನಗರದಲ್ಲಿ ವಾಸ. ಇಪ್ಪತ್ತೆರಡು ವರ್ಷ ಪಾಲಿಶ್ ಶೆಡ್ಡೊಂದರಲ್ಲಿ ಸ್ಟೀಲ್ ಪಾತ್ರೆಗಳಿಗೆ ಹೊಳಪು ಕೊಟ್ಟರು. ಧೂಳಿಗೆ ಎದೆ ಕಟ್ಟಿಕೊಂಡಾಗ ಡಾಕ್ಟರು ಬೇಡವೆಂದರು, ಗುಜರಿಗೆ ಬಂದರು.

ಬಂದ ವರ್ಷವೇ ಒಂದು ಗೋಲಿ ಸಿಕ್ಕಿತು. ಮಂಕಾಗಿತ್ತು, ಒಳಗೆ ಕೆಂಪು-ಬಿಳಿ ಸುರುಳಿ, ಅಂಚಿನಲ್ಲಿ ನೀಲಿ ಎಳೆ. ಪಾಲಿಶ್ ಮಾಡಿ ಪಳಗಿದ ಕೈ ಸುಮ್ಮನಿದ್ದೀತೆ? ಹಳೆಯ ಶೆಡ್ಡಿಗೆ ಹೋಗಿ, ನೀರು ಬಿಟ್ಟುಕೊಂಡು ಚಕ್ರಕ್ಕೆ ಹಿಡಿದರು. ಅದರ ಮೈಮೇಲೆ ಒಂದು ಕಡೆ ಒರಟಾದ ಮಚ್ಚೆಯಿತ್ತು. ಅದನ್ನೂ ನುಣ್ಣಗೆ ಉಜ್ಜಿ ತೆಗೆದರು. ಗೋಲಿ ಫಳಫಳ ಹೊಳೆಯಿತು.

ಅದನ್ನು ಮೊದಲು ನೋಡಿದವರು ಜಾಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿರುವ ಕೊಟ್ರಪ್ಪ. ಬಳ್ಳಾರಿ ಕಡೆಯವರು, ನಿವೃತ್ತ ಎಂಜಿನಿಯರ್, ಹಳೆಯ ಗೋಲಿಗಳ ಹುಚ್ಚು. ಅವರು ಗೋಲಿಯನ್ನು ಹೊರಳಿಸಿ ನೋಡಿ ತಲೆಗೆ ಕೈ ಹಚ್ಚಿಕೊಂಡರು. "ಅಯ್ಯ, ಏನ್ ಮಾಡೀರ್ರೀ ಇದಕ್ಕ? ಕತ್ತರಿಸಿದ ಗುರುತೇ ಇದರ ಜೀವಾರೀ. ಅದನ್ನ ತೆಗೆದ ಮ್ಯಾಲೆ ಯಾರು ಕೇಳ್ತಾರ?"

ಪಾಪಯ್ಯನಿಗೆ ಅಂದು ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಹಟಕ್ಕೆ ಬಿದ್ದು ಕೊಟ್ರಪ್ಪನಿಂದಲೇ ಕಲಿತರು. ಹನ್ನೊಂದು ವರ್ಷದಲ್ಲಿ ಕಲಿಸಿದವರಿಗೇ ಹೇಳಿಕೊಡುವಷ್ಟು ಕಲಿತರು. ಭಾನುವಾರ ಭಾನುವಾರ ಕೊಟ್ರಪ್ಪ ಗೋಲಿಗಳ ಚೀಲ ಹಿಡಿದು ಇವರ ಮನೆಗೆ ಬರುತ್ತಾರೆ, ಪಾಪಯ್ಯ ಒಂದೊಂದಾಗಿ ತಿರುಗಿಸಿ ತೀರ್ಪು ಕೊಡುತ್ತಾರೆ. ಕೊಟ್ರಪ್ಪನ ಸಂಗ್ರಹದ ಮುನ್ನೂರು ಗೋಲಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾಪಯ್ಯ ಗುರುತಿಸಿದವು. ಆ ಗೋಲಿಗಳನ್ನು ಪ್ರದರ್ಶನಕ್ಕಿಟ್ಟಾಗ ಶಾಲು ಹೊದಿಸಿದ್ದು ಮಾತ್ರ ಕೊಟ್ರಪ್ಪನಿಗೆ.

ಇದನ್ನು ಪಾಪಯ್ಯ ಮುಚ್ಚಿಡುವುದಿಲ್ಲ. "ಒಟ್ಟೆ ಉರೀತದೆ ಸಾರ್. ಅವರ ಮನೇಲಿ ಗಾಜಿನ ಬೀರು, ಒಳಗೆ ಲೈಟು. ನನ್ನವು ಹಾರ್ಲಿಕ್ಸ್ ಬಾಟ್ಲಾಗೆ." ಈಶ್ವರಮ್ಮ ಒಳಗಿನಿಂದಲೇ ದನಿಗೂಡಿಸುತ್ತಾರೆ: "ಭಾನುವಾರ ಆ ಯಪ್ಪ ಬಂದೋದ್ರೆ ಸಾಕು, ಸೋಮವಾರದ ಗಂಟ ನಮ್ಮ ಯಜಮಾನ್ರು ಸರಿಯಾಗಿ ಉಣ್ಣಾಕಿಲ್ಲ. ನಾನು ಚೆನ್ನಾಗಿ ಸೀರೆ ಉಟ್ಕಂಡೋಳ್ನ ಕಂಡ್ರೂ ಇಷ್ಟು ಉರ್ಕಂಡಿಲ್ಲ ಕಣಪ್ಪ."

ಕಳೆದ ಆಷಾಢದ ಒಂದು ಭಾನುವಾರ ಕೊಟ್ರಪ್ಪ ಒಂದೇ ಒಂದು ಗೋಲಿ ತಂದರು. ಕೆಂಪು-ಬಿಳಿ ಸುರುಳಿ, ನೀಲಿ ಎಳೆ. ಪಾಪಯ್ಯ ಉಜ್ಜಿ ಕೆಡಿಸಿದ ಗೋಲಿಯ ಒಡಹುಟ್ಟಿನಂತಿತ್ತು. ಹೆಬ್ಬೆರಳಿಗೆ ಹೊಕ್ಕುಳು ಸ್ಪಷ್ಟವಾಗಿ ಸಿಕ್ಕಿತು. ಆದರೆ ಮೈಮೇಲೆ ಆಟದಲ್ಲಿ ಬಿದ್ದ ಪೆಟ್ಟಿನ ಒಂದು ಗುರುತೂ ಇರಲಿಲ್ಲ. ಕೊಟ್ರಪ್ಪನಿಗೆ ಅದೇ ಅನುಮಾನ.

"ಇಷ್ಟು ನೀಟಾಗೈತಲ್ರೀ. ಈಗಿನ ಮಂದಿ ಹಳೇದರಂಗ ಮಾಡಿದ್ದು ಹೌದೋ ಅಲ್ಲೋ ಹೇಳ್ರೀ?"

ಯಾರೂ ಆಡದೆ ಎತ್ತಿಟ್ಟ ಹಳೆಯ ಗೋಲಿ ಅದು. ಪಾಪಯ್ಯನಿಗೆ ಅದು ಮುಟ್ಟಿದ ಕ್ಷಣವೇ ಗೊತ್ತಾಗಿತ್ತು. ಎದೆಯೊಳಗೆ ಅಸೂಯೆ ಧಗ್ಗೆಂದಿತು. ತಾನು ಕೈಯಾರೆ ಕೆಡಿಸಿಕೊಂಡಂಥದ್ದು ಈ ಮನುಷ್ಯನಿಗೆ ಇಡಿಯಾಗಿ ಸಿಗಬೇಕೇ? "ಹೊಸದು ಸಾರ್" ಅಂದುಬಿಟ್ಟರು. ಹೊಸದೆಂದರೆ ಕೊಟ್ರಪ್ಪ ಇಲ್ಲೇ ಬಿಟ್ಟುಹೋಗಬಹುದು ಎಂಬ ಆಸೆಯೂ ಇತ್ತು. ಕೊಟ್ರಪ್ಪ ಅದನ್ನು ಜೇಬಿಗೆ ಹಾಕಿಕೊಂಡೇ ಹೋದರು.

ಆಮೇಲಿನ ಎರಡು ವಾರ ಪಾಪಯ್ಯನ ಕೆಲಸ ಹಳಿ ತಪ್ಪಿತು. ಕಂದು ಗಾಜಿನ ರಾಶಿಗೆ ಹಸಿರು ಸೇರಿತು, ಮೇಸ್ತ್ರಿ ಬೈದ. ಅದಕ್ಕಿಂತ ಕೆಟ್ಟದ್ದೆಂದರೆ, ಗೋಲಿ ಸಿಕ್ಕಾಗಲೆಲ್ಲ ಹೆಬ್ಬೆರಳು ಒಂದು ಹೇಳುತ್ತಿತ್ತು, ಮನಸ್ಸು ನಿಜವೇ ಎಂದು ಕೇಳುತ್ತಿತ್ತು. "ಆಸ್ತಿ ಅಂತ ನನ್ನತ್ರ ಇರೋದು ಈ ಗುರ್ತು ಹಿಡಿಯೋದೊಂದೇ. ಅದ್ನೂ ಕಳ್ಕಂಡ್ರೆ ನಾನು ಬರೀ ಗಾಜು ಆರ್ಸೋನು" ಎನ್ನುತ್ತಾರೆ.

ಮೂರನೆಯ ಭಾನುವಾರ ಅವರೇ ಬಸ್ಸು ಹತ್ತಿ ಜಾಲಹಳ್ಳಿಗೆ ಹೋದರು. ಕೊಟ್ರಪ್ಪನ ಮನೆಯಲ್ಲಿ ನೆಂಟರಿದ್ದರು. ಆ ಗೋಲಿ ಮೀನಿನ ತೊಟ್ಟಿಯ ತಳದಲ್ಲಿ ಕಲ್ಲುಗಳ ನಡುವೆ ಬಿದ್ದಿತ್ತು. ಪಾಪಯ್ಯ ಅಂಗಿಯ ತೋಳು ಮಡಿಸಿ, ಯಾರನ್ನೂ ಕೇಳದೆ ನೀರಿಗೆ ಕೈ ಹಾಕಿ ತೆಗೆದರು.

"ಇದು ಹಳೇದು ಸಾರ್. ಅವತ್ತೇ ಗೊತ್ತಿತ್ತು. ನಿಮಗೆ ಸಿಕ್ತಲ್ಲ ಅಂತ ಒಟ್ಟೆಕಿಚ್ಚಿಗೆ ಸುಳ್ಳು ಹೇಳ್ದೆ."

ನೆಂಟರು ಮುಖ ಮುಖ ನೋಡಿಕೊಂಡರು. ಕೊಟ್ರಪ್ಪ ಬೈಯಲಿಲ್ಲ, ಒಂದೇ ಮಾತು ಕೇಳಿದರು: "ಮತ್ತ ಉಳಿದ ಇನ್ನೂರು?"

ಪಾಪಯ್ಯನಿಗೆ ಕಣ್ಣಲ್ಲಿ ನೀರು ಬಂದದ್ದು ಆಗಲೇ. "ಎಲ್ಲಾ ತನ್ನಿ ಸಾರ್" ಎಂದರು.

ಕೊಟ್ರಪ್ಪ ತರುತ್ತಿದ್ದಾರೆ. ವಾರಕ್ಕೆ ಹತ್ತರಂತೆ, ಹಳೆಯ ತೀರ್ಪುಗಳೆಲ್ಲ ಮರುವಿಚಾರಣೆಗೆ ಬಂದಿವೆ. ಇಲ್ಲಿಯವರೆಗೆ ತೊಂಬತ್ತು ಆಗಿವೆ, ಒಂದೂ ಬದಲಾಗಿಲ್ಲ. ಆ ಕೆಂಪು-ಬಿಳಿ ಗೋಲಿ ಕೊಟ್ರಪ್ಪನ ಬೀರುವಿನ ಮೇಲಿನ ಅರೆಗೆ ಏರಿದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆಂದು ಪಾಪಯ್ಯ ಸಂಕೋಚವಿಲ್ಲದೆ ಒಪ್ಪುತ್ತಾರೆ.

ನಿಮಗೇನು ಆಸೆ ಎಂದು ಕೇಳಿ, ಶಾಲು ಎನ್ನುತ್ತಾರೇನೋ ಎಂದುಕೊಂಡರೆ, ಅವರು ತಲೆಯಾಡಿಸುತ್ತಾರೆ.

"ಮುಂಚೆ ನಾನು ಹೇಳಿದ್ ತಕ್ಷಣ ಅವ್ರು ಗೋಲಿ ಎತ್ತಿ ಜೇಬಿಗೆ ಹಾಕ್ಕೊಳೋರು. ಈಗ ಹೂಂ ಅಂತಾರೆ, ಆಮೇಲೆ ಅತ್ಲಾಗೆ ತಿರುಗಿ ಭೂತಗನ್ನಡಿ ತೆಗೆದು ಇನ್ನೊಂದ್ಸಲ ನೋಡ್ತಾರೆ. ನನಗೆ ಕಾಣಬಾರ್ದು ಅಂತ್ಲೇ ತಿರುಗ್ತಾರೆ ಸಾರ್, ದೊಡ್ಡ ಮನ್ಸ. ಒಂದು ಭಾನುವಾರ ಅವ್ರು ತಿರುಗ್ದೇ ಇದ್ರೆ ಸಾಕು ನಂಗೆ."