ತಕರಾರು ಮೊಗಣ್ಣ

ಹನಕೆರೆಯ ಚಾವಡಿಯಲ್ಲಿ ಪಂಚಾಯ್ತಿ ಸೇರಿದಾಗಲೆಲ್ಲ ಮೊಗಣ್ಣ ಕಂಬಕ್ಕೆ ಒರಗಿ ಕಣ್ಣು ಮುಚ್ಚಿರುತ್ತಿದ್ದ. ಊರವರೆಲ್ಲ ಕೈ ಎತ್ತಿ, ಇನ್ನೇನು ಎಲೆಅಡಿಕೆ ಹಂಚಿ ಏಳಬೇಕು ಅನ್ನುವಾಗ ಟವೆಲ್ಲು ಕೊಡವಿ ಎದ್ದು, “ತಕರಾರೈತೆ” ಅನ್ನುತ್ತಿದ್ದ. “ಎದ್ದ ನೋಡ್ಲಾ ನಮ್ಮೂರ ಐಕೋರ್ಟು” ಎಂದು ಜನ ಹಣೆ ಚಚ್ಚಿಕೊಳ್ಳುತ್ತಿದ್ದರು. ತನ್ನ ಮದುವೆಯ ಮುಹೂರ್ತಕ್ಕೇ ತಕರಾರು ತೆಗೆದು ಮಾವನ ಬೆವರಿಳಿಸಿದ ಆಸಾಮಿ. ನಾಲೆಯಲ್ಲಿ ನೀರು ಕಡಿಮೆಯಾದರೆ ಕೊನೆಯ ಗದ್ದೆಗೇ ಮೊದಲ ಸರದಿ ಎಂಬುದು ಊರಿನ ಹಳೆಯ ಕಟ್ಟಳೆ. ಆ ಗದ್ದೆ ಎತ್ತುಗಳಿಗೆ ಲಾಳ ಕಟ್ಟುವ ಹುಸೇನನದು. ಅವನ ಪರ ಕೈ ಎತ್ತಲು ಊರಲ್ಲಿ ಇನ್ನೊಂದು ಸಾಬರ ಮನೆಯಿರಲಿಲ್ಲ. ಒಂದು ವರ್ಷ ಮಳೆ ಕೈಕೊಟ್ಟಾಗ ಅವನ ಸರದಿ ತಪ್ಪಿಸಲು ಊರಿಗೆ ಊರೇ ಕೈ ಎತ್ತಿತು. “ಕೈ ಎಣಿಸಿ ಕಟ್ಟಳೆ ಮುರಿಯಾಕಾಯ್ತದೇನ್ಲಾ? ಕೈ ಕಮ್ಮಿ ಇರೋರ್ಗೆ ಅಂತ್ಲೇ ಕಟ್ಟಳೆ ಮಾಡಿರಾದು” ಎಂದು ಮೊಗಣ್ಣ ಹೋಗಿ ತೂಬಿನ ಮೇಲೆ ಕೂತುಬಿಟ್ಟ. ಹುಸೇನನ ಗದ್ದೆಗೆ ನೀರು ಹರಿಯಿತು. ನಾಲೆಯ ನಡುಭಾಗದಲ್ಲಿದ್ದ ಮೊಗಣ್ಣನದೇ ಪೈರು ಒಣಗಿತು. ನಲವತ್ತೇಳರಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂತೆಂಬ ಸಂಭ್ರಮದಲ್ಲಿ ಊರು ಅವನನ್ನೇ ಪಂಚಾಯ್ತಿಯ ಯಜಮಾನನನ್ನಾಗಿ ಆರಿಸಿತು. ಎಲ್ಲರ ಕೈಯೂ ಮೇಲೆದ್ದಿತ್ತು, ಹುಸೇನನದೂ. ಮೊಗಣ್ಣ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕಾದ. ತಕರಾರು ತೆಗೆಯಲು ಒಬ್ಬರೂ ಏಳಲಿಲ್ಲ. ಅವನಿಗೆ ಯಾಕೋ ಭಯವಾಯಿತು. ಕೊನೆಗೆ ತಾನೇ ಟವೆಲ್ಲು ಕೊಡವಿ ಎದ್ದ. “ತಕರಾರೈತೆ. ನನ್ನೇ ಯಜಮಾನ ಮಾಡ್ಬುಟ್ರೆ, ನಾ ತಪ್ಪಿದಾಗ ಎದ್ ನಿಲ್ಲೋರ್ ಯಾರ್ಲಾ?”